ಪ್ರತ್ಯೇಕ ಕ್ರಮದ ಅಗತ್ಯವಿಲ್ಲ

ಬಟವಾಡಿ, ತುಮಕೂರು
೯-೨-೨೦೨೫, ಭಾನುವಾರ

ಮುದ್ದು ಇಂಪೂ, ನೂರು ಕಾಲ ಬಾಳು.

ಹೇಗಿದೀಯ ಕಣೇ? ಬೋಟ್ ಹತ್ತಿದ್ರೆ ವಾಂತಿ ಅಂತಿದ್ದೆ, ಈಗಲಾದ್ರೂ ಕಮ್ಮಿ ಆಯ್ತಾ? ಶುಂಠಿ ಸಣ್ಣಗೆ ಹೆಚ್ಚಿ, ಉಪ್ಪು ನಿಂಬೆರಸ ಹಾಕಿ ಒಣಗಿಸಿ ಡಬ್ಬಿಲಿ ಕೊಟ್ಟಿದ್ದೆ. ಬಾಯಿಗೆ ಹಾಕ್ಕೋತೀಯೋ, ರೂಮಿನ ಕಿಟಕಿ ಮೇಲಿಟ್ಟು ಮರೆತಿದೀಯೋ ಆ ದೇವರಿಗೇ ಗೊತ್ತು. ತಲೆಗೆ ಎಣ್ಣೆ ಹಚ್ಕೊಂಡು ಎಷ್ಟು ದಿನ ಆಯ್ತೋ, ಆ ಉಪ್ಪು ಗಾಳಿಗೆ ಕೂದಲು ತೆಂಗಿನ ನಾರಾಗಿರತ್ತೆ. ನಾವಿಲ್ಲಿ ಚೆನ್ನಾಗೇ ಇದೀವಿ. ನಿಮ್ಮಪ್ಪನ ಶುಗರ್ ಇನ್ನೂರೈವತ್ತು ದಾಟಿದೆ. ಕೇಳಿದ್ರೆ ಎದೆ ತಟ್ಕೊಂಡು, ಈ ಭೀಮರಾಜನಿಗೆ ಶುಗರ್ ಇಲ್ಲ, ಆ ಲ್ಯಾಬಿನ ಮಿಷಿನ್‌ಗೆ ಇರೋದು ಅಂತಾರೆ. ಬಸ್ ಡಿಪೋದಲ್ಲಿ ಮೆಕ್ಯಾನಿಕ್ ಆಗಿದ್ದ ಮನುಷ್ಯ, ಯಾವ ಮಿಷಿನ್ ಕಂಡ್ರೂ ಕೆಟ್ಟಿದೆ ಅನ್ನೋದೇ ಮೊದಲ ಮಾತು. ಊರ್ಡಿಗೆರೆಯಿಂದ ನಿಮ್ಮ ಸೋದರತ್ತೆ ಒಂದು ಚೀಲ ಅವರೇಕಾಯಿ ಕಳಿಸಿದ್ರು. ಎರಡು ದಿನ ಕೂತು ಹಿತುಕಿದ್ವಿ. ಹಿತಕಿದ ಬೇಳೆ ಸಾರು ಕುದಿಯುವಾಗ ನೀನಿಲ್ವಲ್ಲ ಅಂತ ಹೊಟ್ಟೆ ಉರೀತು, ನಿಮ್ಮಪ್ಪ ಮಾತ್ರ ಮೂರು ಸಲ ಹಾಕಿಸ್ಕೊಂಡು ಉಂಡ್ರು.

ಕೈಯಲ್ಲಿ ಫೋನ್ ಇಟ್ಕೊಂಡು ಯಾಕಮ್ಮಾ ಕಾಗದ ಅಂತ ನಗಬೇಡ. ನೀನು ಇಪ್ಪತ್ತನೇ ತಾರೀಖಿನವರೆಗೆ ಬೋಟ್ ಮೇಲಿರ್ತೀಯ, ಅಲ್ಲಿ ಸಿಗ್ನಲ್ ಇರಲ್ಲ. ನೀನು ದಡಕ್ಕೆ ಬರೋ ಹೊತ್ತಿಗೆ ಇದು ನಿನ್ನ ರೂಮಲ್ಲಿ ಬಿದ್ದಿರಬೇಕು. ಇನ್ನೊಂದು ಕಾರಣವೂ ಇದೆ. ಇದನ್ನ ಬಾಯಲ್ಲಿ ಹೇಳೋ ಧೈರ್ಯ ನನಗಿಲ್ಲ. ಸುತ್ತಿ ಬಳಸಿ ಹೇಳೋಕೆ ಹೋದ್ರೆ ಹಾಳೆ ಮುಗಿಯತ್ತೆ, ಅದಕ್ಕೆ ಹೇಳಿಬಿಡ್ತೀನಿ. ನಿನ್ನ ಫೈಲ್ ಮುಚ್ಚಿದಾರೆ ಮಗಳೇ. ಸಮುದ್ರದ ನೀರು ಅಳೆಯೋ ನಿಮ್ಮ ಕೇಂದ್ರಕ್ಕೆ ಏಪ್ರಿಲ್‌ನಿಂದ ಮಂಜೂರಾತಿ ಇಲ್ಲ. ಇಪ್ಪತ್ತನಾಲ್ಕನೇ ತಾರೀಖು ಚಿಪ್ಪು ಆರಿಸೋ ಹೆಂಗಸರನ್ನೆಲ್ಲಾ ದಡದಲ್ಲಿ ಕೂರಿಸಿ ಒಳ್ಳೆ ಸುದ್ದಿ ಹೇಳ್ತೀನಿ ಅಂತ ಮಾತು ಕೊಟ್ಟಿದೀಯಲ್ಲ, ಆ ಸುದ್ದಿ ಬರೋದಿಲ್ಲ.

ದೀಪಾವಳಿಗೆ ಬಂದಾಗ ಹಜಾರದಲ್ಲಿ ಕೂತು ನೀನು ಹೇಳಿದ್ದೆಲ್ಲಾ ನೆನಪಿದೆ ನಂಗೆ. ಸಮುದ್ರ ಹುಳಿ ತಿರುಗ್ತಿದೆ ಅಮ್ಮಾ ಅಂದೆ. ನಾನು, ಅದೇನು ಮೊಸರಾ ಅಂತ ನಕ್ಕೆ. ನೀನು ನಗಲಿಲ್ಲ. ಊರೂರಿನ ಹೊಗೆಯೆಲ್ಲಾ ಗಾಳಿಗೆ ಸೇರಿ, ಗಾಳಿಯಿಂದ ನೀರಿಗಿಳಿದು, ಆ ನೀರಲ್ಲಿ ಚಿಪ್ಪು ಗಟ್ಟಿಯಾಗೋದೇ ಇಲ್ಲ, ಬೆರಳಲ್ಲಿ ಒತ್ತಿದ್ರೆ ಹಪ್ಪಳದ ಥರ ಮುರಿಯತ್ತೆ ಅಂತ ಬ್ಯಾಗಿಂದ ಒಂದು ತೆಗೆದು ನನ್ನ ಕೈಯಲ್ಲೇ ಮುರಿಸಿದೆ. ಅದರ ಮೇಲೆ ಊರ ಚರಂಡಿ, ಗದ್ದೆ ಗೊಬ್ಬರ ಎಲ್ಲಾ ಹೊಳೆ ಹಿಡಿದು ಬಂದು, ದಡದ ನೀರಲ್ಲಿ ಉಸಿರೇ ಇಲ್ಲದ ಹಾಗಾಗಿ ಮೀನು ಮೇಲೆ ಬಂದು ಬಾಯಿ ಬಿಡ್ತವೆ ಅಂದೆ. ತಿಂಗಳು ತಿಂಗಳು ನೀರು ಅಳೀಬೇಕು, ಕೆಟ್ಟಾಗ ಮೀನಿನೋರಿಗೆ ಮುಂಚೆಯೇ ಹೇಳಬೇಕು, ಚರಂಡಿ ನೀರು ಶುದ್ಧ ಮಾಡಿ ಬಿಡಬೇಕು, ಚಿಪ್ಪು ಸಿಗದ ಹೆಂಗಸರಿಗೆ ಏನಾದ್ರೂ ದಾರಿ ಮಾಡಬೇಕು, ಇದಕ್ಕೆಲ್ಲಾ ಸರ್ಕಾರ ಒಂದು ಯೋಜನೆ ಮಾಡಲಿ ಅಂತ ನಿಮ್ಮ ಕೇಂದ್ರದಿಂದ ಬರೆದು ಕಳಿಸಿ ಎರಡು ವರ್ಷ ಆಯ್ತು ಅಂದೆ. ಆಮೇಲೆ ನನ್ನ ಕೈ ಹಿಡ್ಕೊಂಡು, ನೀನು ಅದೇ ಮೀನುಗಾರಿಕೆ ಇಲಾಖೆಲಿ ಮೂವತ್ನಾಲ್ಕು ವರ್ಷ ಗುಮಾಸ್ತೆಯಾಗಿದ್ದೋಳು, ಫೈಲ್ ಯಾವ ಮೂಲೆಲಿದ್ರೂ ವಾಸನೆ ಹಿಡಿದು ತೆಗೀತೀಯ, ಒಂದು ಸಲ ನೋಡಮ್ಮಾ ಅಂದೆ. ಎಷ್ಟು ಖುಷಿ ಆಗಿತ್ತು ಗೊತ್ತಾ ನಂಗೆ. ನನ್ನ ಕೆಲಸ ಅಂದ್ರೆ ಬರೀ ಧೂಳು ಅಂತ ಆಡಿಕೊಳ್ತಿದ್ದ ಮಗಳು ನನ್ನನ್ನ ಕೇಳ್ತಿದಾಳೆ ಅಂತ ಎದೆ ಉಬ್ಬಿ ಹೋಯ್ತು.

ಹಾಗಾಗಿ ಸಂಕ್ರಾಂತಿ ಕಳೆದ ಮಾರನೇ ವಾರವೇ ಹೊರಟೆ. ನಿಮ್ಮಪ್ಪ ಸ್ಕೂಟರಲ್ಲಿ ಕ್ಯಾತ್ಸಂದ್ರ ಸ್ಟೇಷನ್‌ಗೆ ಬಿಟ್ರು, ಬೆಳಗಿನ ಟ್ರೇನ್ ಹಿಡಿದು ಬೆಂಗಳೂರಿಗೆ ಹೋದೆ. ಅಯ್ಯೋ, ಆ ಮೇಲಿನ ಕಚೇರಿ ಗುರುತೇ ಸಿಗಲ್ಲ ಕಣೇ. ಕಟ್ಟು ಇಲ್ಲ, ಕೆಂಪು ದಾರ ಇಲ್ಲ, ಎಲ್ಲಾ ಕಂಪ್ಯೂಟರ್ ಒಳಗೆ. ನಿನ್ನ ಕಡತ ನೋಡ್ಕೊಳ್ಳೋ ಹುಡುಗಿ ಹೆಸರು ಮಾಲಿನಿ, ನಿನ್ನ ವಯಸ್ಸಿನೋಳೇ. ಕೂತ್ಕೊಳ್ಳಿ ಮೇಡಂ ಅಂತ ಕುರ್ಚಿ ಹಾಕಿದ್ಲು, ನೀರು ಕೊಟ್ಲು. ಬಯ್ಯೋಣ ಅಂತ ಹೋದೋಳಿಗೆ ಬಯ್ಯೋಕೂ ಏನೂ ಸಿಗಲಿಲ್ಲ. ಕಡತ ಡಿಸೆಂಬರ್‌ನಲ್ಲೇ ಮುಕ್ತಾಯ ಆಗಿದೆ ಮೇಡಂ, ಕೇಂದ್ರದ ಮುಂದಿನ ವರ್ಷದ ಹಣವೂ ಅದರಲ್ಲೇ ಇತ್ತು, ಪೂರ್ವನಿದರ್ಶನ ಸಿಕ್ತು, ಅದರ ಪ್ರಕಾರ ಮಾಡಿದ್ವಿ ಅಂದ್ಲು. ಪೂರ್ವನಿದರ್ಶನ ಅಂದ್ರೆ ನಿಂಗೆ ಗೊತ್ತಿಲ್ಲ. ಹೊಸ ಅರ್ಜಿ ಬಂದ್ರೆ ಗುಮಾಸ್ತರು ಮೊದಲು ಅರ್ಜಿ ಓದಲ್ಲ ಕಣೇ, ಹಿಂದೆ ಇಂಥದ್ದು ಬಂದಾಗ ಏನು ಮಾಡಿದ್ರು ಅಂತ ಹುಡುಕ್ತೀವಿ. ಸಿಕ್ತೋ, ಅದನ್ನೇ ಬರೆದು ಸಾಹೇಬರ ಮುಂದಿಡ್ತೀವಿ, ಯಾರ ತಲೆಗೂ ಬರಲ್ಲ. ನಾನೂ ಮಾಡಿದ್ದು ಅದೇ. ನಾನೇ ಎಷ್ಟೋ ಹುಡುಗೀರಿಗೆ ಕಲಿಸಿದ್ದೂ ಅದೇ.

ಆ ಹುಡುಗಿ ಒಂದು ಹಳೇ ಸುತ್ತೋಲೆ ತೆಗೆದು ಓದಿದ್ಲು. ರಾಜ್ಯದ ಜಲಮೂಲಗಳಲ್ಲಿ ಆಮ್ಲಜನಕದ ಏರಿಳಿತದಿಂದ ಸಂಭವಿಸುವ ಮೀನುಗಳ ಸಾವು ಪ್ರಕೃತಿ ಸಹಜವಾಗಿದ್ದು, ಸರ್ಕಾರದಿಂದ ಪ್ರತ್ಯೇಕ ಕ್ರಮದ ಅಗತ್ಯ ಕಂಡುಬರುವುದಿಲ್ಲ. ಎಷ್ಟು ನೀಟಾಗಿ ಬರೆದಿದಾರೆ ನೋಡಿ ಮೇಡಂ, ಕೆರೆಗೂ ಆಗತ್ತೆ, ಸಮುದ್ರಕ್ಕೂ ಆಗತ್ತೆ, ನಮಗೆ ಭಾಳ ಅನುಕೂಲ ಅಂದ್ಲು. ಕುಂಬಳಕಾಯಿ ಕಳ್ಳ ಅಂದ್ರೆ ಹೆಗಲು ಮುಟ್ಟಿ ನೋಡ್ಕೊಂಡ ಅಂತಾರಲ್ಲ, ಹಾಗೆ ಸೆರಗು ಸರಿ ಮಾಡ್ಕೊಂಡು ಎದ್ದು ಬಂದೆ. ಆ ಸಾಲು ನಂದು ಇಂಪೂ. ಒಂದಕ್ಷರ ಬದಲಾಗಿಲ್ಲ.

ಎರಡು ಸಾವಿರದ ಆರನೇ ಇಸವಿ. ನೀನು ಆಗ ಐದನೇ ಕ್ಲಾಸು. ಕುಣಿಗಲ್ ಕಡೆ, ನನ್ನ ತೌರಿಗೆ ಎರಡೇ ಮೈಲಿ ಆಚೆ ಒಂದು ಊರಿನ ಕೆರೆಲಿ ಮೀನುಗಾರರ ಸಂಘದೋರು ಮರಿ ಬಿಟ್ಟಿದ್ರು. ಮೇಲಿನ ಊರಿನ ಚರಂಡಿಯೆಲ್ಲಾ ಆ ಕೆರೆಗೇ ಇಳೀತಿತ್ತು. ನಾಲ್ಕು ದಿನ ಮೋಡ ಮುಚ್ಚಿ, ಒಂದು ಬೆಳಗಾಗೋದ್ರಲ್ಲಿ ಕೆರೆ ತುಂಬಾ ಮೀನು ಹೊಟ್ಟೆ ಮೇಲೆ ಮಾಡಿ ತೇಲಿದ್ವು. ಸಂಘದ ಅಧ್ಯಕ್ಷ ಪುಟ್ಟರಂಗಯ್ಯ ಅಂತ, ತುಮಕೂರಿನ ನಮ್ಮ ಕಚೇರಿಗೆ ಅರ್ಜಿ ಕೊಟ್ರು. ಪರಿಹಾರ ಕೊಡದಿದ್ರೂ ಬೇಡ, ಚರಂಡಿ ನಿಲ್ಲಿಸಿ ಸಾಕು ಅಂತ ಬರೆದಿದ್ರು. ಆಗ ಫೀಲ್ಡಿನೋರೆಲ್ಲಾ ಬೇರೆ ಡ್ಯೂಟಿ ಮೇಲಿದ್ರು. ನಮ್ಮ ಸೂಪರಿಂಟೆಂಡೆಂಟ್ ಚನ್ನವೀರಯ್ಯನವರು, ಶಶಿಕಲಾ, ನೀವು ಆ ಕಡೆಯೋರೇ ಅಲ್ವಾ, ನೀರಿನ ಸ್ಯಾಂಪಲ್ ತಂದುಬಿಡಿ ಅಂತ ನನ್ನನ್ನೇ ಕಳಿಸಿದ್ರು. ತಂದೆ. ಲ್ಯಾಬ್ ರಿಪೋರ್ಟ್‌ನಲ್ಲಿ ಆಮ್ಲಜನಕ ಸಾಕಷ್ಟಿದೆ ಅಂತ ಬಂತು. ನಾನು ರಿಪೋರ್ಟ್ ನೋಡ್ಕೊಂಡು, ನೀರು ಸರಿಯಿದೆ, ಚರಂಡಿ ಕಾರಣ ಅಲ್ಲ, ಮೋಡಕ್ಕೆ ಒಂದು ರಾತ್ರಿ ಆಮ್ಲಜನಕ ಏರಿಳಿದು ಮೀನು ಸತ್ತಿವೆ ಅಂತ ಟಿಪ್ಪಣಿ ಬರೆದೆ. ಗುಮಾಸ್ತೆ ಇನ್ನೇನು ಮಾಡ್ತಾಳೆ ಹೇಳು? ರಿಪೋರ್ಟ್ ಇದ್ದ ಹಾಗೆ ಬರೀಬೇಕು ತಾನೇ? ಚನ್ನವೀರಯ್ಯನವರು ಓದಿ, ಇದನ್ನ ಒಂದು ಕೆರೆಗೆ ಯಾಕೆ ಬರೀತೀರಿ, ರಾಜ್ಯದ ಎಲ್ಲಾ ಜಲಮೂಲಕ್ಕೂ ಆಗೋ ಹಾಗೆ ಬರೀರಿ, ನಾಳೆ ಇನ್ನೊಂದು ಅರ್ಜಿ ಬಂದ್ರೆ ಕೈ ಬಿಸಿ ಆಗಲ್ಲ ಅಂದ್ರು. ತಿದ್ದಿ ಬರೆದೆ. ಅದು ಮೇಲಕ್ಕೆ ಹೋಗಿ, ವರ್ಷದ ಮೇಲೆ ಸುತ್ತೋಲೆಯಾಗಿ ಕೆಳಕ್ಕೆ ಬಂತು. ನಮ್ಮ ಮನೇಲಿ ಮೊದಲು ಸರ್ಕಾರಿ ಕೆಲಸ ಹಿಡಿದೋಳು ನಾನು. ಆ ಕಚೇರಿಲಿ ಇವಳಿಗೇನು ಬರತ್ತೆ ಅಂತ ಮೂಗು ಮುರಿಯೋರ ಮಧ್ಯೆ ನನ್ನ ಕನ್ನಡ ಇಡೀ ರಾಜ್ಯಕ್ಕೆ ಹೋಯ್ತು ಅಂತ ಆವತ್ತು ಶಾವಿಗೆ ಪಾಯಸ ಮಾಡಿದ್ದೆ. ನೀನು ಎರಡು ಲೋಟ ಕುಡಿದೆ. ಯಾಕಮ್ಮಾ ಪಾಯಸ ಅಂತ ಕೇಳಿದ್ದಕ್ಕೆ ಸುಮ್ನೆ ಕುಡಿಯೇ ಅಂದಿದ್ದೆ.

ಬೆಂಗಳೂರಿಂದ ಬಂದ ಮೂರನೇ ದಿನ ಗುಬ್ಬಿ ಬಸ್ ಹತ್ತಿದೆ. ಚನ್ನವೀರಯ್ಯನವರು ರಿಟೈರ್ ಆಗಿ ಅಲ್ಲೇ ಮಗಳ ಮನೇಲಿದಾರೆ. ಹಣೆ ತುಂಬಾ ವಿಭೂತಿ, ಕೈಯಲ್ಲಿ ಪೇಪರ್, ಮಾತು ಮಾತ್ರ ಮೊದಲಿನ ಹಾಗೇ ಬೆಣ್ಣೆ. ಸರ್, ಆ ಸುತ್ತೋಲೆ ವಾಪಸ್ ತೆಗೆಸೋಕೆ ಏನು ದಾರಿ ಅಂತ ಕೇಳಿದೆ. ನನ್ನನ್ನ ಮೇಲಿಂದ ಕೆಳಗೆ ನೋಡಿದ್ರು. ಬರೆಯೋದು ಸುಲಭ ಶಶಿಕಲಾ, ಅಳಿಸೋದು ಯಾರ ಕೈಲೂ ಆಗಲ್ಲ ಅಂದ್ರು. ಒಂದು ಸುತ್ತೋಲೆ ತೆಗೀಬೇಕು ಅಂದ್ರೆ ಇನ್ನೊಂದು ಕಮಿಟಿ ಆಗಬೇಕಂತೆ, ಕಮಿಟಿ ಆಗಬೇಕು ಅಂದ್ರೆ ಸುತ್ತೋಲೆ ತಪ್ಪು ಅಂತ ಯಾರಾದ್ರೂ ಅಧಿಕಾರದಲ್ಲಿರೋರು ಬರೀಬೇಕಂತೆ. ಅಧಿಕಾರದಲ್ಲಿರೋರು ಯಾಕೆ ಬರೀತಾರೆ, ಅದನ್ನ ನಂಬಿ ಹದಿನೇಳು ಹದಿನೆಂಟು ವರ್ಷದಿಂದ ಎಷ್ಟು ಕಡತ ಮುಚ್ಚಿಲ್ಲ ಅಂದ್ರು. ಎಷ್ಟು ಸರ್ ಅಂದೆ. ಲೆಕ್ಕ ಯಾರಿಟ್ಟವ್ರೆ ಅಂತ ನಕ್ಕು, ಕಾಫಿ ಕುಡೀರಿ ಆರಿ ಹೋಗತ್ತೆ ಅಂದ್ರು. ನಾನು ಕುಡೀಲಿಲ್ಲ. ಅವರ ಮಗಳಿಗೆ ಬೇಜಾರಾಯ್ತು ಅನ್ಸತ್ತೆ.

ಸುಮ್ನೆ ಕೂರೋ ಜಾಯಮಾನ ನಂದಲ್ಲ. ಮನೆಗೆ ಬಂದು ನಾನೇ ಒಂದು ಅರ್ಜಿ ಬರೆದೆ. ಈ ಟಿಪ್ಪಣಿ ಬರೆದ ನಿವೃತ್ತ ನೌಕರಳು ನಾನೇ, ಒಂದು ಕೆರೆಯ ಒಂದು ದಿನದ ನೀರು ನೋಡಿ ಇಡೀ ರಾಜ್ಯಕ್ಕೆ ಬರೆದದ್ದು ತಪ್ಪು, ಸಮುದ್ರಕ್ಕೆ ಇದನ್ನ ಹಚ್ಚಬೇಡಿ, ಕರಾವಳಿ ಕೇಂದ್ರದ ಕಡತ ಮತ್ತೆ ತೆರೀರಿ ಅಂತ. ನಿಮ್ಮಪ್ಪ ಓದಿ, ಏನ್ಲೇ ಶಶಿ, ಪೆನ್ಷನ್‌ಗೆ ಕಲ್ಲು ಹಾಕ್ಕೋತೀಯಾ ಅಂದ್ರು. ಆಮೇಲೆ ಅವರೇ ರಿಜಿಸ್ಟರ್ ಪೋಸ್ಟ್ ಮಾಡಿ ಬಂದ್ರು. ಮೊನ್ನೆ ಗುರುವಾರ ಉತ್ತರ ಬಂತು. ನಾಲ್ಕೇ ಸಾಲು. ಸದರಿ ವಿಷಯದ ಬಗ್ಗೆ ಈಗಾಗಲೇ ಸುತ್ತೋಲೆ ಜಾರಿಯಲ್ಲಿರುವುದರಿಂದ ತಮ್ಮ ಮನವಿಯ ಮೇಲೆ ಪ್ರತ್ಯೇಕ ಕ್ರಮದ ಅಗತ್ಯ ಕಂಡುಬರುವುದಿಲ್ಲ. ನಿಮ್ಮಪ್ಪನಿಗೆ ನಗು ತಡೆಯೋಕೆ ಆಗಲಿಲ್ಲ. ನಾನು ಅಡಿಗೆಮನೆಗೆ ಹೋಗಿ ಅತ್ತೆ ಕಣೇ, ಸೊಸೆಯಾಗಿ ಬಂದ ಹೊಸದರಲ್ಲೂ ಹಾಗೆ ಅತ್ತಿರಲಿಲ್ಲ.

ನಿನ್ನೆ ಕುಣಿಗಲ್‌ಗೆ ಹೋಗಿದ್ದೆ. ಪುಟ್ಟರಂಗಯ್ಯನವರ ಹತ್ರ ಹಳೇ ಅರ್ಜಿಯ ನಕಲಿದ್ರೆ, ಅವರಿಂದಲೇ ಇನ್ನೊಂದು ಅರ್ಜಿ ಕೊಡಿಸೋಣ ಅಂತ ಆಸೆ. ಬಸ್ ಇಳಿದು ಆಟೋ ಮಾಡ್ಕೊಂಡು ಆ ಊರಿಗೆ ಹೋದ್ರೆ, ಅವರು ತೀರ್ಕೊಂಡು ನಾಲ್ಕು ವರ್ಷ ಆಗಿದೆ. ಸಂಘ ಅದಕ್ಕೂ ಮುಂಚೆಯೇ ಮುಚ್ಚಿದೆ. ಕೆರೆ ನೋಡಿದೆ. ನೀರು ಕಾಣಲ್ಲ, ಹಸಿರು ಜೊಂಡು ದಡದಿಂದ ದಡಕ್ಕೆ. ಮೂಗು ಮುಚ್ಚದೆ ನಿಲ್ಲೋಕಾಗಲ್ಲ. ಅವರ ಹೆಂಡತಿ ಗಿರಿಯಮ್ಮ ಜಗಲಿ ಮೇಲೆ ಕಡ್ಲೇಕಾಯಿ ಸುಲೀತಿದ್ರು. ನಾನ್ಯಾರು ಅಂತ ಗುರುತು ಸಿಗಲಿಲ್ಲ ಅವರಿಗೆ. ಆಫೀಸಿನ ಕಡೆಯಿಂದ ಬಂದೆ ಅಂದಿದ್ದಕ್ಕೇ ಚಾಪೆ ಹಾಸಿದ್ರು. ನಿಮ್ಮಂಗೇ ಒಬ್ರು ಮೇಡಮ್ಮು ಬಂದಿದ್ರು ಕಣವ್ವ, ಭಾಳ ಒಳ್ಳೇರು, ನಮ್ಮ ಕೆರೆ ನೀರ ತಾವೇ ಇಳ್ದು ತುಂಬ್ಕೊಂಡೋದ್ರು, ನಮ್ಮನೇರು ಅವ್ರ ಮ್ಯಾಲೆ ಭರವಸೆ ಇಟ್ಕೊಂಡು ಎರಡು ವರ್ಸ ಕಾದ್ರು, ಆಮ್ಯಾಕೆ ಬುಡು ಅಂತ ಗೋರ್ಕಲ್ ಕೆಲಸಕ್ಕೆ ಹೋದ್ರು ಅಂದ್ರು. ಕಲ್ಲು ಕ್ವಾರಿಗೆ. ಅಲ್ಲೇ ಎದೆಗೆ ಧೂಳು ಕೂತು ಹೋದರಂತೆ. ನಾನು ಕಡ್ಲೇಕಾಯಿ ಸುಲೀತಾ ಕೂತಿದ್ದೆ. ಆ ಮೇಡಮ್ಮು ನಾನೇ ಅಂತ ನಾಲಿಗೆ ತುದಿಗೆ ಬಂತು, ಆಚೆಗೆ ಬರಲಿಲ್ಲ. ಹೊರಡುವಾಗ ಒಂದು ಸೇರು ಕಡ್ಲೇಕಾಯಿ ಸೆರಗಿಗೆ ಹಾಕಿದ್ರು, ಬೇಡ ಅಂದ್ರೂ ಕೇಳಲಿಲ್ಲ. ಮನೇಲಿ ಹಾಗೇ ಇದೆ. ಯಾರೂ ಮುಟ್ಟಿಲ್ಲ.

ಇದೇ ಕಣೇ ಸಮಾಚಾರ. ನೀನು ಕೋರ್ಟು, ಪೇಪರ್ರು, ಟಿವಿ ಅಂತ ಎಗರಾಡ್ತೀಯ, ಎಗರಾಡು, ನಾನು ಬೇಡ ಅನ್ನಲ್ಲ. ಆದ್ರೆ ಒಳಗಿದ್ದು ಬಂದೋಳಾಗಿ ಹೇಳ್ತೀನಿ, ಮಾರ್ಚ್ ಒಳಗೆ ಏನೂ ಆಗಲ್ಲ. ಏಪ್ರಿಲ್ ಬಂದ್ರೆ ನಿಮ್ಮ ಕೇಂದ್ರಕ್ಕೆ ಬೀಗ ಬೀಳತ್ತೆ. ನೀರು ಅಳೆಯೋರು ಇಲ್ಲ ಅಂದ ಮೇಲೆ ನೀರು ಕೆಟ್ಟಿದೆ ಅಂತ ತೋರಿಸೋಕೂ ಯಾರೂ ಇರಲ್ಲ. ಮೀನು ಸತ್ರೆ ಪ್ರಕೃತಿ ಸಹಜ, ಚಿಪ್ಪು ಮುರಿದ್ರೆ ಪ್ರಕೃತಿ ಸಹಜ. ಆ ಹೆಂಗಸರು ನಿನ್ನ ನಂಬಿ ಕೂತಿದಾರೆ. ಮಾಡಿದ್ದುಣ್ಣೋ ಮಹರಾಯ ಅಂತಾರೆ, ಇಲ್ಲಿ ಮಾಡಿದೋಳು ಒಬ್ಬಳು, ಉಣ್ಣೋರು ಬೇರೆಯೋರು. ಇಪ್ಪತ್ತನಾಲ್ಕಕ್ಕೆ ಅವರ ಮುಂದೆ ಸುಳ್ಳು ಭರವಸೆ ಮಾತ್ರ ಕೊಡಬೇಡ ಮಗಳೇ. ನೋಡ್ತೀನಿ, ಮಾಡಿಸ್ತೀನಿ ಅಂತ ಅನ್ನಬೇಡ. ಎರಡು ವರ್ಷ ಕಾಯಿಸೋದಕ್ಕಿಂತ ಒಂದೇ ದಿನ ಅಳಿಸೋದು ವಾಸಿ.

ನಿಮ್ಮಪ್ಪ ನಿನ್ನ ಕೇಳಿದೆ ಅಂತ ಬರೀ ಅಂತಿದಾರೆ. ಊಟ ಬಿಡಬೇಡ, ಒದ್ದೆ ಬಟ್ಟೇಲಿ ಇರಬೇಡ. ಹಿತಕಿದ ಬೇಳೆ ಒಣಗಿಸಿಟ್ಟಿದೀನಿ, ಬಂದ್ರೆ ಮಾಡಿ ಹಾಕ್ತೀನಿ. ಸಿದ್ದಗಂಗೆ ಬೆಟ್ಟದ ದೇವರು ನಿನ್ನ ಕೈ ಬಿಡದಿರಲಿ.

ನಿನ್ನ ಅಮ್ಮ,
ಶಶಿಕಲಾ

ಮತ್ತೊಂದು: ಕವರ್‌ಗೆ ಅಂಟು ಹಚ್ಚಿದ್ದೆ, ಬಿಚ್ಚಿ ಬರೀತಿದೀನಿ, ಅಕ್ಷರ ವಕ್ರ ಆದ್ರೆ ಬಯ್ಯಬೇಡ. ಮೇಲೆ ರಿಪೋರ್ಟ್ ನೋಡಿ ಬರೆದೆ ಅಂದಿದೀನಲ್ಲ, ಅದು ಪೂರ್ತಿ ನಿಜ ಅಲ್ಲ. ಆ ಕೆರೆ ನೀರು ತರೋಕೆ ಹೋದ ದಿನವೇ ನಿಂದು ಪ್ರತಿಭಾ ಕಾರಂಜಿ, ಕಂಠಪಾಠ ಇತ್ತು, ನಾಲ್ಕು ಗಂಟೆಗೆ ಬರ್ತೀನಿ ಅಂತ ನಿನ್ನ ತಲೆ ಮುಟ್ಟಿ ಹೇಳಿದ್ದೆ. ನೀರಲ್ಲಿರೋ ಆಮ್ಲಜನಕ ಇದ್ದ ಹಾಗೇ ಹಿಡಿದಿಡೋಕೆ, ತುಂಬಿದ ಕೂಡ್ಲೇ ಬಾಟಲಿಗೆ ಹಾಕಬೇಕಾದ ಎರಡು ಔಷಧಿ ಸೀಸೆ ಕೊಟ್ಟಿದ್ರು, ಸೀರೆ ಮೇಲೆ ಚೆಲ್ಲಿದ್ರೆ ಸುಟ್ಟು ಹೋಗತ್ತೆ ಅಂತ ಟೇಬಲ್ ಡ್ರಾಯರಲ್ಲೇ ಬಿಟ್ಟು ಹೋದೆ. ಬಾಟಲಿ ಮುಚ್ಚಳ ಸೋರ್ತಿತ್ತು, ಬ್ಯಾಗ್ ನೆನೆಯತ್ತೆ ಅಂತ ಅರ್ಧ ನೀರು ಚೆಲ್ಲಿದೆ. ಆ ಅರ್ಧ ಬಾಟಲಿ ಕುಣಿಗಲ್‌ನಿಂದ ತುಮಕೂರಿನವರೆಗೂ ಬಸ್ಸಲ್ಲಿ ಕುಲುಕಾಡಿಕೊಂಡು ಬಂತು. ಗಾಳಿ ಬೆರೆತ್ರೆ ಸತ್ತ ನೀರಿಗೂ ಉಸಿರು ಬಂದ ಹಾಗೆ ರಿಪೋರ್ಟ್ ಬರತ್ತೆ, ಒಂದು ಗುಳ್ಳೆಯೂ ಇರಬಾರದು ಅಂತ ನೀನು ಎಂಎಸ್ಸಿ ಓದುವಾಗ ರಜಕ್ಕೆ ಬಂದು ನನಗೇ ಪಾಠ ಮಾಡಿದೆ. ಆದ್ರೆ ನಂಗೆ ಆವತ್ತೇ ಅನುಮಾನ ಇತ್ತು ಇಂಪೂ. ಲ್ಯಾಬಿನೋರು ಕೇಳಿದ್ರು, ಮೇಡಂ, ಕಂಠದವರೆಗೂ ತುಂಬಿಸಿ ಅಲ್ಲೇ ಔಷಧಿ ಹಾಕಿದ್ರಾ, ಇಲ್ಲಾಂದ್ರೆ ಇನ್ನೊಂದು ಸಲ ಹೋಗಿ ತನ್ನಿ ಅಂತ. ಗಂಟೆ ಮೂರೂವರೆ ಆಗಿತ್ತು. ಹೂಂ, ಹಾಕಿದೀನಿ, ಬಸ್ಸಲ್ಲಿ ಸ್ವಲ್ಪ ಸೋರಿದೆ ಅಷ್ಟೇ ಅಂದೆ. ನಿನಗೆ ಎರಡನೇ ಬಹುಮಾನ ಬಂತು, ನಾನು ಮುಂದಿನ ಸಾಲಲ್ಲಿ ಕೂತು ಚಪ್ಪಾಳೆ ತಟ್ಟಿದೆ. ಇದನ್ನ ನಿಮ್ಮಪ್ಪನಿಗೂ ಹೇಳಿಲ್ಲ, ನಿನ್ನೆ ಗಿರಿಯಮ್ಮನ ಮುಂದೆಯೂ ಹೇಳೋಕೆ ಆಗಲಿಲ್ಲ. ಇಪ್ಪತ್ತನಾಲ್ಕಕ್ಕೆ ಆ ಹೆಂಗಸರ ಮುಂದೆ ಈ ಹಾಳೆ ಓದು. ನನ್ನ ಹೆಸರು ನುಂಗಬೇಡ. ಬರೆದೋಳು ನಿನ್ನ ತಾಯಿ ಅನ್ನೋದನ್ನೂ ಹೇಳು.